ಮೊಟ್ಟೆ ಸಿಕ್ಕಿಕೊಂಡ ಹೇಂಟೆ: ಅದರ ಗುರುತು, ಉಪಚಾರ ಮತ್ತು ನಿವಾರಣೆ

ಮನೆಯ ಹೇಂಟೆಯು ಬೆಳಗಿನಿಂದ ಮೂರು ನಾಲ್ಕು ಸಾರಿ ಗೂಡಿಗೆ ಹೋಗಿ ಕುಳಿತು, ತಿಣುಕಿ, ಮೊಟ್ಟೆಯಿಡದೆಯೇ ಹೊರಕ್ಕೆ ಬಂದು, ಮಧ್ಯಾಹ್ನದ ವೇಳೆಗೆ ರೆಕ್ಕೆಗಳನ್ನು ಇಳಿಬಿಟ್ಟುಕೊಂಡು ಗೋಡೆಯ ಮೂಲೆಯಲ್ಲಿ ನಿಂತುಬಿಡುವುದನ್ನು ಕೋಳಿ ಸಾಕುವವರೆಲ್ಲರೂ ಒಂದಲ್ಲ ಒಂದು ಸಲ ಕಂಡಿರುವರು. ಇಂಥ ಸಮಯದಲ್ಲಿ ಮನೆಗಳಲ್ಲಿ ನಡೆಯುವ ಕೆಲಸವು ಸಾಮಾನ್ಯವಾಗಿ ಎರಡು ವಿಧ. ಕೋಳಿಗೆ ರೋಗ ತಗುಲಿತು, ಸಾಯುವುದಕ್ಕೆ ಮುಂಚೆಯೇ ಕೊಯ್ದರೆ ಸಾರಿಗಾದರೂ ಆದೀತೆಂದು ಕತ್ತಿಯನ್ನು ತರುವುದು ಒಂದು. ಹೊಟ್ಟೆಯನ್ನು ಅಮುಕಿ, ಬೆರಳನ್ನು ತೂರಿಸಿ, ಒಳಗಿರುವ ಮೊಟ್ಟೆಯನ್ನು ಒಡೆದಾದರೂ ತೆಗೆಯಲು ಯತ್ನಿಸುವುದು ಮತ್ತೊಂದು. ಮೊದಲನೆಯದರಿಂದ ಕೋಳಿಯು ಒಡನೆಯೇ ಸಾಯುವುದು. ಎರಡನೆಯದರಿಂದ ಎರಡು ಮೂರು ದಿನ ನರಳಿ ಸಾಯುವುದು. ಮೂರನೆಯ ದಾರಿಯೊಂದುಂಟು. ಅದಕ್ಕೆ ಬೇಕಾಗುವುದು ಒಂದು ಬೋಗುಣಿ ಬಿಸಿನೀರು, ಸ್ವಲ್ಪ ಎಣ್ಣೆ, ಸ್ವಲ್ಪ ಸುಣ್ಣದಂಶ, ಮತ್ತು ಒಂದು ದಿನದ ತಾಳ್ಮೆ. ಆ ದಾರಿಯನ್ನು ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ಹತ್ತಾರು ಎಕರೆ ಹೊಲಗದ್ದೆಯುಳ್ಳವರಿಗೆ ಒಂದು ಹೇಂಟೆಯ ಸಾವು ಲೆಕ್ಕಕ್ಕೆ ಬಾರದಿರಬಹುದು. ಆದರೆ ಹಳ್ಳಿಯ ಕೋಳಿಗಳು ಬಹುಮಟ್ಟಿಗೆ ಮನೆಯ ಹೆಂಗಸರ ಸ್ವತ್ತಾಗಿರುತ್ತವೆ. ಮೊಟ್ಟೆ ಮಾರಿ ಬಂದ ಹಣವು ಯಾರನ್ನೂ ಕೇಳದೆ ಅವರ ಕೈಗೆ ಸೇರುವ ಹಣ. ಹೊಲವಿಲ್ಲದ ಮುದುಕಿಯೊಬ್ಬಳು ಮೊಮ್ಮಗಳೊಡನೆ ಎರಡು ಹೇಂಟೆಗಳನ್ನು ಸಾಕಿಕೊಂಡಿರುವ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಇಂಥ ಮನೆ ಇಲ್ಲದ ಹಳ್ಳಿಯಿಲ್ಲ. ಅವುಗಳಲ್ಲೊಂದು ಹುಡುಗಿಯ ಮುದ್ದಿನ ಹೇಂಟೆ; ಅದಕ್ಕೆ ಅವಳ ಕೈಯಿಂದಲೇ ಅನ್ನ, ಅವಳ ಮಗ್ಗುಲಲ್ಲೇ ಜಾಗ. ಅದು ತಿಣುಕುತ್ತಾ ನಿಂತ ದಿನ ಆ ಮನೆಯ ಆದಾಯದಲ್ಲಿ ಅರ್ಧಪಾಲು ಕತ್ತಿಯ ಬಾಯಿಯಲ್ಲಿದೆಯೆಂದೇ ಭಾವಿಸಬೇಕು. ಹುಡುಗಿಯ ದುಃಖವು ಬೇರೆ. ಆದುದರಿಂದ ಓದುಬರಹ ಬಲ್ಲ ಜಮೀನುದಾರರೂ ಗ್ರಾಮದ ಮುಖ್ಯಸ್ಥರೂ ಈ ಸಂಗತಿಗಳನ್ನು ತಾವು ತಿಳಿದುಕೊಳ್ಳುವುದಲ್ಲದೆ ನೆರೆಹೊರೆಯ ಇಂಥ ಮನೆಗಳಿಗೂ ತಿಳಿಸುವುದು ಉಚಿತ.

೧. ಮೊಟ್ಟೆಯು ಉತ್ಪನ್ನವಾಗುವ ಕ್ರಮ

ಉಪಚಾರದ ಕಾರಣವು ಮನಸ್ಸಿಗೆ ಹತ್ತಬೇಕಾದರೆ ಮೊಟ್ಟೆಯು ಕೋಳಿಯ ಹೊಟ್ಟೆಯಲ್ಲಿ ಹೇಗೆ ಬೆಳೆಯುವುದೆಂಬುದನ್ನು ಮೊದಲು ಅರಿಯಬೇಕು. ಹೇಂಟೆಯ ಬೆನ್ನಿನ ಕೆಳಗೆ, ಎಡಮಗ್ಗುಲಲ್ಲಿ, ದ್ರಾಕ್ಷಿಯ ಗೊಂಚಲಿನಂತೆ ಅಂಡಾಶಯವಿರುವುದು. ಬಲಮಗ್ಗುಲಿನದು ಮರಿಯಾಗಿದ್ದಾಗಲೇ ಬೆಳೆಯದೆ ನಿಂತುಹೋಗಿರುತ್ತದೆ. ಗೊಂಚಲಿನಿಂದ ಬಲಿತ ಹಳದಿ ಭಂಡಾರವೊಂದು ಕಳಚಿ, ಅಂಡನಾಳವೆಂಬ ಉದ್ದವಾದ ಕೊಳವೆಯ ಬಾಯಿಗೆ ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ಸುಮಾರು 3 ಗಂಟೆಗಳ ಕಾಲದಲ್ಲಿ ಅದರ ಸುತ್ತಲೂ ಬಿಳಿಯ ಲೋಳೆಯು ಕಟ್ಟಿಕೊಳ್ಳುವುದು. ಅನಂತರ ಒಂದು ಗಂಟೆಗೆ ಸ್ವಲ್ಪ ಮೀರಿದ ಅವಧಿಯಲ್ಲಿ ತೆಳುವಾದ ಪೊರೆಗಳೆರಡು ಅದನ್ನು ಸುತ್ತುವುವು. ಕಡೆಯದಾಗಿ, ಚಿಪ್ಪು ಕಟ್ಟುವ ಚೀಲದಲ್ಲಿ ಅದು ಸುಮಾರು 20 ಗಂಟೆ ತಂಗುವುದು. ಹೀಗೆ ಒಂದು ಮೊಟ್ಟೆಗೆ ಒಟ್ಟು 24 ರಿಂದ 26 ಗಂಟೆಗಳು ಹಿಡಿಯುತ್ತವೆ. ಈ ಅವಧಿಯ ಬಹುಭಾಗವು ಚಿಪ್ಪಿಗೇ ವೆಚ್ಚವಾಗುವುದನ್ನು ಗಮನಿಸಬೇಕು.

ಚಿಪ್ಪೆಂಬುದು ಹೆಚ್ಚುಕಡಿಮೆ ಸುಣ್ಣದ ಕಲ್ಲೇ ಸರಿ. ದೊಡ್ಡ ಮೊಟ್ಟೆಯೊಂದರ ಚಿಪ್ಪು 5 ರಿಂದ 6 ಗ್ರಾಂ ತೂಗುವುದು. ಅದರಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದಂಶವೇ 2 ಗ್ರಾಮಿಗೆ ಮೇಲ್ಪಟ್ಟಿರುತ್ತದೆ. ನಾಟಿ ಹೇಂಟೆಯ ಸಣ್ಣ ಮೊಟ್ಟೆಯಲ್ಲಿ ಸ್ವಲ್ಪ ಕಡಿಮೆ. ಚಿಪ್ಪು ಕಟ್ಟುವ ಕೆಲಸವು ಮುಖ್ಯವಾಗಿ ರಾತ್ರಿ, ಕೋಳಿಯು ಮೇಯದೆ ಮಲಗಿರುವಾಗ ನಡೆಯುವುದು. ಆಗ ಹೊಟ್ಟೆಯಲ್ಲಿ ಸುಣ್ಣದಂಶ ಉಳಿದಿಲ್ಲವಾದರೆ, ಹೇಂಟೆಯು ತನ್ನ ಮೂಳೆಗಳೊಳಗೆ ಕೂಡಿಟ್ಟಿರುವ ಸುಣ್ಣವನ್ನು ಕರಗಿಸಿ ಚಿಪ್ಪಿಗೆ ಕೊಡುತ್ತದೆ. ಕಣಜದಿಂದ ತೆಗೆದ ಕಾಳನ್ನು ಸುಗ್ಗಿಯಲ್ಲಿ ಮತ್ತೆ ತುಂಬುವಂತೆ, ಈ ಸಾಲವು ಮಾರನೆಯ ದಿನದ ಮೇವಿನಿಂದ ತೀರಬೇಕು. ತೀರದೆ ದಿನದಿನಕ್ಕೂ ಬೆಳೆದರೆ ಚಿಪ್ಪು ತೆಳುವಾಗುವುದು, ಕಾಲುಗಳು ನಿತ್ರಾಣವಾಗುವುವು. ಇಷ್ಟೇ ಅಲ್ಲ, ಮಾಂಸಖಂಡಗಳು ಬಿಗಿದು ಸಡಿಲವಾಗುವುದಕ್ಕೂ ರಕ್ತದಲ್ಲಿ ಈ ಸುಣ್ಣದಂಶವೇ ಬೇಕು. ಅದು ಕಡಿಮೆಯಾದಲ್ಲಿ ಮೊಟ್ಟೆಯನ್ನು ಹೊರಕ್ಕೆ ತಳ್ಳಬೇಕಾದ ನಾಳಕ್ಕೆ ತಳ್ಳುವ ಶಕ್ತಿಯಿರುವುದಿಲ್ಲ. ಮೊಟ್ಟೆ ಸಿಕ್ಕಿಕೊಳ್ಳುವುದರ ಮರ್ಮವು ಬಹಳಮಟ್ಟಿಗೆ ಇದೇ.

೨. ಸಿಕ್ಕಿಕೊಳ್ಳಲು ಕಾರಣಗಳು

ಸುಣ್ಣದಂಶದ ಕೊರತೆಯು ಮೊದಲನೆಯ ಕಾರಣ. ಎರಡನೆಯದು ಬಿಸಿಲಿನ ಕೊರತೆ. ತಿಂದ ಸುಣ್ಣವು ರಕ್ತಕ್ಕೆ ಸೇರಬೇಕಾದರೆ ಡಿ ಜೀವಸತ್ವವು ಬೇಕು. ಬಿಸಿಲಿನಲ್ಲಿ ತಿರುಗುವ ಕೋಳಿಯ ಚರ್ಮದಲ್ಲಿ ಅದು ತಾನಾಗಿಯೇ ಉಂಟಾಗುವುದು. ದಿನವಿಡೀ ಮಂಕರಿಯ ಕೆಳಗೋ ಅಡಿಗೆಮನೆಯ ಮೂಲೆಯಲ್ಲೋ ಇರುವ ಕೋಳಿಗೆ ಎಷ್ಟು ಸುಣ್ಣ ತಿನ್ನಿಸಿದರೂ ಪೂರ್ತಿ ಮೈಗೆ ಹತ್ತುವುದಿಲ್ಲ. ಮೂರನೆಯದು ಕೊಬ್ಬು. ಅನ್ನ, ಕಡಲೆಕಾಯಿ, ಮುಸುಕಿನ ಜೋಳಗಳನ್ನು ಮಿತಿಮೀರಿ ತಿಂದು ಅಡ್ಡಾಡದಿರುವ ಹೇಂಟೆಯ ಹೊಟ್ಟೆಯಲ್ಲಿ ಕೊಬ್ಬು ತುಂಬಿ ನಾಳವನ್ನು ಒತ್ತುತ್ತದೆ. ಇವಲ್ಲದೆ, ಎರಡು ಭಂಡಾರವುಳ್ಳ ಅತಿ ದೊಡ್ಡ ಮೊಟ್ಟೆ, ಸೊಟ್ಟಗಿರುವ ಮೊಟ್ಟೆ, ಮೈ ಬಲಿಯುವುದಕ್ಕೆ ಮುಂಚೆಯೇ ಮೊಟ್ಟೆಗೆ ಬಂದ ಎಳೆಯ ಹೇಂಟೆ, ಮುಪ್ಪಾದ ಹೇಂಟೆ, ನಾಳದಲ್ಲಿ ಕೀವು, ಹೊಟ್ಟೆಯಲ್ಲಿ ಜಂತು, ನೀರಿನ ಅಭಾವ, ವಿಪರೀತ ಚಳಿ, ಇವುಗಳೂ ಕಾರಣವಾಗಬಹುದು.

ಮೇಲೆ ಹೇಳಿದ ಮುದುಕಿಯ ಮನೆಯನ್ನೇ ನೋಡಿದರೆ, ಮೊದಲಿನ ಮೂರು ಕಾರಣಗಳೂ ಅಲ್ಲಿ ಒಟ್ಟಿಗೆ ಸೇರಿರುವುದು ಕಾಣುವುದು. ಹಿತ್ತಿಲಲ್ಲಿ ಕೆದಕಿ ತಿನ್ನುವ ಇನ್ನೊಂದು ಹೇಂಟೆಗೆ ಹುಳುಹುಪ್ಪಟೆ, ಬಸವನಹುಳುವಿನ ಚಿಪ್ಪು, ಸೊಪ್ಪು, ಹಳೆಯ ಗೋಡೆಯ ಗಾರೆಯ ಚೂರು, ಬಿಸಿಲು, ಎಲ್ಲವೂ ದೊರೆಯುತ್ತವೆ. ಮುದ್ದಿನ ಹೇಂಟೆಗೆ ದೊರೆಯುವುದು ಅನ್ನ ಮತ್ತು ನೆರಳು. ಪ್ರೀತಿಯಿಂದ ಮಾಡಿದ ಪಾಲನೆಯೇ ಅದಕ್ಕೆ ಕಂಟಕವಾಗಿರುವುದು.

೩. ಗುರುತುಗಳು

ಮೊಟ್ಟೆ ಸಿಕ್ಕಿಕೊಂಡ ಹೇಂಟೆಯು ಪದೇಪದೇ ಗೂಡಿಗೆ ಹೋಗಿಬರುವುದು, ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾ ತಿಣುಕುವುದು, ಗರಿಗಳನ್ನು ಉಬ್ಬಿಸಿಕೊಂಡು, ಕಾಲುಗಳನ್ನು ಅಗಲಿಸಿ, ಮೈಯನ್ನು ನೆಟ್ಟಗೆತ್ತಿ ನಿಲ್ಲುವುದು, ಮೇವನ್ನು ಮುಟ್ಟದು. ಹಿಕ್ಕೆಯು ನಿಂತುಹೋಗುವುದು ಅಥವಾ ನೀರಿನಂತೆ ಸ್ವಲ್ಪಸ್ವಲ್ಪವೇ ಬೀಳುವುದು. ಜುಟ್ಟಿನ ಕೆಂಪು ಕ್ರಮವಾಗಿ ಮಾಸುವುದು.

ಗುರುತನ್ನು ನಿಶ್ಚಯಮಾಡಿಕೊಳ್ಳಲು ಹೇಂಟೆಯನ್ನು ಮೆಲ್ಲಗೆ ಹಿಡಿದು ತೊಡೆಯ ಮೇಲಿಟ್ಟುಕೊಂಡು, ಎದೆಮೂಳೆಯ ಕೊನೆಗೂ ಗುದದ್ವಾರಕ್ಕೂ ನಡುವೆ ಬೆರಳುಗಳ ತುದಿಯಿಂದ ಹಗುರವಾಗಿ ಮುಟ್ಟಿನೋಡಬೇಕು. ಮೊಟ್ಟೆಯು ಗಟ್ಟಿಯಾದ ಉಂಡೆಯಂತೆ ಕೈಗೆ ತಗಲುವುದು. ಚಿಪ್ಪು ಕಟ್ಟದ ತೊಗಲುಮೊಟ್ಟೆಯಾದರೆ ಮೆತ್ತಗಿದ್ದು ತಿಳಿಯದಿರಲೂಬಹುದು.

ಇದನ್ನೇ ಹೋಲುವ, ಆದರೆ ಇದಲ್ಲದ ಅವಸ್ಥೆಗಳು ಕೆಲವುಂಟು. ಅವುಗಳನ್ನು ಬೇರ್ಪಡಿಸದೆ ಉಪಚಾರಕ್ಕೆ ತೊಡಗಿದರೆ ಶ್ರಮವೂ ವ್ಯರ್ಥ, ಕೋಳಿಗೂ ಹಿಂಸೆ.

ಕಾವಿಗೆ ಕುಳಿತ ಹೇಂಟೆಯು ಗೂಡನ್ನು ಬಿಟ್ಟೇಳದು. ಆದರೆ ಹತ್ತಿರ ಹೋದವರನ್ನು ಕುಕ್ಕುವುದು, ಗುರುಗುಟ್ಟುವುದು. ಅದರ ಕಣ್ಣು ಚುರುಕಾಗಿರುವುದು. ದಿನಕ್ಕೆ ಒಂದೆರಡು ಸಾರಿ ಎದ್ದು ದೊಡ್ಡ ಹಿಕ್ಕೆಯನ್ನು ಹಾಕಿ, ಮೇದು ಮತ್ತೆ ಬಂದು ಕೂರುವುದು. ಇದು ರೋಗವಲ್ಲ.

ಗರಿ ಉದುರಿಸುವ ಕಾಲದಲ್ಲಿಯೂ, ಹಗಲು ಚಿಕ್ಕದಾದ ಚಳಿಗಾಲದಲ್ಲಿಯೂ ಹೇಂಟೆಯು ಮೊಟ್ಟೆಯನ್ನು ನಿಲ್ಲಿಸುವುದು ಸಹಜ. ಬೆಂಗಳೂರಿನ ಪ್ರಾಂತದಲ್ಲಿ ಹಗಲು ಡಿಸೆಂಬರಿನಲ್ಲಿ ಸುಮಾರು 11½ ಗಂಟೆ, ಜೂನಿನಲ್ಲಿ ಸುಮಾರು 13 ಗಂಟೆ ಇರುವುದು. ಈ ಅಂತರವನ್ನು ಕೋಳಿಯ ಮೈಯು ಅರಿತುಕೊಳ್ಳುತ್ತದೆ. ಹೇಂಟೆಯು ಮೊಟ್ಟೆಯ ಸರದಿಯಲ್ಲಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಗುದದ್ವಾರದ ಇಕ್ಕೆಲದ ಮೂಳೆಗಳ ತುದಿಯನ್ನು ಮುಟ್ಟಿನೋಡಬೇಕು. ಇಡುತ್ತಿರುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳುಗಳ ಅಂತರವಿರುವುದು. ಇಡದಿರುವುದರಲ್ಲಿ ಒಂದು ಬೆರಳು ಹಿಡಿಯುವುದೂ ಕಷ್ಟ. ಬೇಲಿಯ ಮರೆಯಲ್ಲಿ ಕದ್ದು ಮೊಟ್ಟೆಯಿಡುವ ಹೇಂಟೆಗಳೂ ಉಂಟು. ಮೂಳೆಗಳು ಅಗಲವಾಗಿದ್ದು, ಕೋಳಿಯು ಲವಲವಿಕೆಯಿಂದಿದ್ದು, ಗೂಡು ಬರಿದಾಗಿದ್ದರೆ ಹಿತ್ತಿಲನ್ನು ಹುಡುಕತಕ್ಕದ್ದು.

ಹೊಟ್ಟೆಯು ನೀರು ತುಂಬಿದ ಚೀಲದಂತೆ ಕೆಳಕ್ಕೆ ಜೋತುಬಿದ್ದು, ದಿನಗಳಿಂದ ಮೊಟ್ಟೆಯೂ ಇಲ್ಲದೆ ಕೋಳಿಯು ಸೊರಗುತ್ತಿದ್ದರೆ, ಭಂಡಾರವು ನಾಳಕ್ಕೆ ಸೇರದೆ ಹೊಟ್ಟೆಯೊಳಗೆ ಬಿದ್ದು ಕೊಳೆತಿರುವ ಸಂಭವವುಂಟು. ಇದಕ್ಕೆ ಮನೆಯ ಉಪಚಾರವು ಸಾಲದು, ಪಶುವೈದ್ಯರಿಗೆ ತೋರಿಸಬೇಕು. ಇಂಥ ಕೋಳಿಯನ್ನು ತಿನ್ನಲೂ ಕೂಡದು.

೪. ಉಪಚಾರದ ಕ್ರಮ

ಮೊಟ್ಟೆ ಸಿಕ್ಕಿಕೊಂಡಿರುವುದು ನಿಶ್ಚಯವಾದ ಕೂಡಲೆ ಈ ಕೆಳಗಿನಂತೆ ನಡೆಯತಕ್ಕದ್ದು.

ಮೊದಲನೆಯದಾಗಿ, ಹೇಂಟೆಯನ್ನು ಬೇರೆ ಕೋಳಿಗಳಿಂದ, ಮುಖ್ಯವಾಗಿ ಹುಂಜದಿಂದ ಬೇರ್ಪಡಿಸಬೇಕು. ದೊಡ್ಡ ಬುಟ್ಟಿಯಲ್ಲಿ ಒಣಹುಲ್ಲನ್ನು ಹಾಸಿ, ಮಬ್ಬು ಬೆಳಕಿರುವ ನಿಶ್ಶಬ್ದವಾದ ಸ್ಥಳದಲ್ಲಿಡಬೇಕು. ಬಿಸಿನೀರು ತುಂಬಿದ ಸೀಸೆಗೆ ಬಟ್ಟೆಯನ್ನು ಸುತ್ತಿ ಅದರ ಪಕ್ಕದಲ್ಲಿರಿಸಿದರೆ ಬೇಕಾದ ಶಾಖವು ದೊರೆಯುವುದು. ಕುಡಿಯುವ ನೀರು ಎಟಕುವಂತಿರಬೇಕು. ಕೋಳಿಯನ್ನು ಎತ್ತುವಾಗ ರೆಕ್ಕೆಗಳು ಸೇರುವಂತೆ ಎರಡು ಕೈಗಳಿಂದಲೂ ಆನಿಸಿ ಎತ್ತಬೇಕು. ಕಾಲುಗಳನ್ನು ಹಿಡಿದು ತಲೆಕೆಳಗಾಗಿ ತೂಗಾಡಿಸುವ ರೂಢಿಯಿಂದ ಒಳಗಿನ ಮೊಟ್ಟೆಯು ಒಡೆಯಬಹುದು.

ಎರಡನೆಯದಾಗಿ, ಸುಣ್ಣದಂಶವನ್ನು ಕೊಡಬೇಕು. ಔಷಧದ ಅಂಗಡಿಗಳಲ್ಲಿ ದೊರೆಯುವ, 500 ಮಿಲಿಗ್ರಾಂ ಕ್ಯಾಲ್ಸಿಯಮುಳ್ಳ ಮಾತ್ರೆಯೊಂದನ್ನು ಪುಡಿಮಾಡಿ, ರಾಗಿಮುದ್ದೆಯ ಸಣ್ಣ ಉಂಡೆಯಲ್ಲಿ ಸೇರಿಸಿ ತಿನ್ನಿಸಬಹುದು. ದಿನಕ್ಕೆ ಒಂದರಂತೆ ಮೂರು ದಿನ ಸಾಕು. ತಾನಾಗಿ ನುಂಗಲಾರದ ಕೋಳಿಯ ಬಾಯಿಗೆ ಯಾವುದನ್ನೂ ಬಲಾತ್ಕಾರವಾಗಿ ಹೊಯ್ಯಕೂಡದು. ಅದು ಶ್ವಾಸನಾಳಕ್ಕಿಳಿದು ಕೋಳಿಯು ಉಸಿರುಕಟ್ಟಿ ಸಾಯುವುದು.

ಮೂರನೆಯದಾಗಿ, ಬಿಸಿನೀರಿನಲ್ಲಿ ಕೂರಿಸಬೇಕು. ಕೋಳಿಯ ಮೈಶಾಖವು ಸುಮಾರು 41 ಡಿಗ್ರಿ ಸೆಂಟಿಗ್ರೇಡ್ ಇರುವುದರಿಂದ ನೀರು 38 ರಿಂದ 40 ಡಿಗ್ರಿ ಇದ್ದರೆ ಸರಿಯಾಗುವುದು. ಅಳೆಯುವ ಸಾಧನವಿಲ್ಲದವರು, ಹಸುಗೂಸಿಗೆ ಎರೆಯುವ ನೀರನ್ನು ಮಣಿಕಟ್ಟಿನ ಮೇಲೆ ಹೊಯ್ದು ಪರೀಕ್ಷಿಸುವಂತೆ ಪರೀಕ್ಷಿಸಿಕೊಳ್ಳಬೇಕು, ಬೆಚ್ಚಗಿರಬೇಕು, ಚುರುಗುಟ್ಟಬಾರದು. ಅಗಲವಾದ ಬೋಗುಣಿಯಲ್ಲಿ ಕೋಳಿಯ ಹೊಟ್ಟೆಯೂ ಗುದದ್ವಾರವೂ ಮುಳುಗುವಷ್ಟು ನೀರನ್ನು ತುಂಬಿ, ಅದರಲ್ಲಿ 15 ರಿಂದ 20 ನಿಮಿಷ ಹೇಂಟೆಯನ್ನು ಹಿಡಿದು ಕೂರಿಸಬೇಕು. ಮೊದಲು ಒದ್ದಾಡಿದರೂ ಶಾಖವು ಹತ್ತಿದ ಮೇಲೆ ಸುಮ್ಮನಾಗುವುದು. ನೀರು ಆರುತ್ತಾ ಬಂದಂತೆ ಬಿಸಿನೀರನ್ನು ಬದಿಯಿಂದ ಸೇರಿಸುತ್ತಿರಬೇಕು. ಶಾಖದಿಂದ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಅನಂತರ ಒಣಬಟ್ಟೆಯಿಂದ ಗರಿಗಳನ್ನು ಚೆನ್ನಾಗಿ ಒತ್ತಿ ಒರಸಿ, ಗಾಳಿ ಬೀಸದ ಸ್ಥಳದಲ್ಲಿ ಪೂರ್ತಿ ಆರಿಸಬೇಕು. ಒದ್ದೆಯಾಗಿ ಬಿಟ್ಟರೆ ಚಳಿ ಹಿಡಿದು, ಮಾಡಿದ ಉಪಕಾರವು ಅಪಕಾರವಾಗುವುದು.

ನಾಲ್ಕನೆಯದಾಗಿ, ಕೈಯನ್ನು ಸೋಪಿನಿಂದ ತೊಳೆದು, ಉಗುರನ್ನು ಕತ್ತರಿಸಿಕೊಂಡು, ಕಾಯಿಸಿ ಆರಿಸಿದ ಕೊಬ್ಬರಿ ಎಣ್ಣೆಯನ್ನು ಗುದದ್ವಾರದ ಅಂಚಿಗೂ ಸ್ವಲ್ಪ ಒಳಬದಿಗೂ ಸವರಬೇಕು. ಮೊಟ್ಟೆಯ ತುದಿಯು ಬಾಗಿಲಲ್ಲೇ ಕಾಣುತ್ತಿದ್ದರೆ ಅದರ ಸುತ್ತಲೂ ಎಣ್ಣೆಯನ್ನು ಹಚ್ಚಬೇಕು. ಎಳೆಯಬಾರದು.

ಐದನೆಯದಾಗಿ, ಹೇಂಟೆಯನ್ನು ಬುಟ್ಟಿಯಲ್ಲಿ ಬಿಟ್ಟು, ಒಂದೆರಡು ಗಂಟೆಗಳ ಕಾಲ ಯಾರೂ ಹತ್ತಿರ ಹೋಗಕೂಡದು. ಈ ಭಾಗವೇ ಜನಗಳಿಗೆ ಅತ್ಯಂತ ಕಷ್ಟವಾದುದು. ಮಕ್ಕಳು ಗಳಿಗೆಗೊಂದು ಸಾರಿ ಬುಟ್ಟಿಯನ್ನು ಎತ್ತಿ ನೋಡುವರು. ಹೆದರಿದ ಕೋಳಿಯು ಮೊಟ್ಟೆಯನ್ನು ಬಿಗಿಹಿಡಿಯುವುದು. ಮುದ್ದಿನ ಹೇಂಟೆಯ ಒಡತಿಗೆ, ಈಗ ದೂರವಿರುವುದೇ ಅದಕ್ಕೆ ಮಾಡುವ ಸೇವೆಯೆಂದು ತಿಳಿಯಹೇಳಬೇಕು. ಮೊಟ್ಟೆ ಬೀಳದಿದ್ದಲ್ಲಿ ಸ್ನಾನವನ್ನೂ ಎಣ್ಣೆಯನ್ನೂ ಅದೇ ದಿನ ಮತ್ತೊಂದೆರಡು ಸಾರಿ ನಡೆಸಬಹುದು.

ಇಷ್ಟಾದರೂ 24 ಗಂಟೆಗಳೊಳಗಾಗಿ ಮೊಟ್ಟೆಯು ಹೊರಬೀಳದಿದ್ದರೆ ಪಶುವೈದ್ಯರ ಬಳಿಗೆ ಕೊಂಡೊಯ್ಯತಕ್ಕದ್ದು. ಹೇಂಟೆಯು ಎದ್ದು ನಿಲ್ಲಲಾರದಿದ್ದರೆ, ಬಾಯಿ ತೆರೆದು ಏದುತ್ತಿದ್ದರೆ, ಅಥವಾ ರಕ್ತವು ಕಾಣಿಸಿಕೊಂಡರೆ 24 ಗಂಟೆಗಳನ್ನೂ ಕಾಯದೆ ಆಗಲೇ ಹೊರಡಬೇಕು. ವೈದ್ಯರು ಸುಣ್ಣದಂಶವನ್ನು ಸೂಜಿಯ ಮೂಲಕ ಕೊಡಬಲ್ಲರು. ಅವಶ್ಯಬಿದ್ದಲ್ಲಿ ಮೊಟ್ಟೆಯ ಒಳರಸವನ್ನು ಸೂಜಿಯಿಂದ ಹೀರಿ, ಚಿಪ್ಪನ್ನು ಅಪಾಯವಾಗದಂತೆ ತೆಗೆಯಬಲ್ಲರು. ನಾಳವನ್ನು ಬಿಗಿಸಿ ಮೊಟ್ಟೆಯನ್ನು ತಳ್ಳಿಸುವ ಔಷಧಗಳೂ ಉಂಟು. ದಾರಿಯು ಕಟ್ಟಿರುವಾಗ ಅವುಗಳನ್ನು ಕೊಟ್ಟರೆ ನಾಳವೇ ಹರಿಯುವುದರಿಂದ ಅವು ವೈದ್ಯರ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿರಬಾರದು. ಔಷಧವನ್ನು ಪಡೆದ ಕೋಳಿಯ ಮೊಟ್ಟೆಯನ್ನೂ ಮಾಂಸವನ್ನೂ ಎಷ್ಟು ದಿನ ಬಳಸಬಾರದೆಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು.

೫. ಮಾಡಕೂಡದ ಕೆಲಸಗಳು

ಒಳಗಿರುವ ಮೊಟ್ಟೆಯನ್ನು ಒಡೆಯಕೂಡದು. ಒಡೆದ ಚಿಪ್ಪಿನ ಅಂಚು ಅಲಗಿನಂತೆ ನಾಳವನ್ನು ಕೊಯ್ಯುವುದು. ಒಳಗೆ ಉಳಿದ ರಸವು ಕೊಳೆತು ನಂಜೇರುವುದು. ಹೊಟ್ಟೆಯನ್ನು ಹಿಸುಕಕೂಡದು, ಮೊಟ್ಟೆಯೊಂದಿಗೆ ನಾಳವೂ ಹೊರಕ್ಕೆ ಬಂದೀತು.

ಹರಳೆಣ್ಣೆಯನ್ನು ಕುಡಿಸುವ ಪದ್ಧತಿಯು ನಿಷ್ಪ್ರಯೋಜಕ. ಮೇವಿನ ದಾರಿಯೇ ಬೇರೆ, ಮೊಟ್ಟೆಯ ದಾರಿಯೇ ಬೇರೆ. ಎರಡೂ ಕೂಡುವುದು ಕಟ್ಟಕಡೆಯ ಬಾಗಿಲಿನಲ್ಲಿ ಮಾತ್ರ. ಕುಡಿಸಿದ ಎಣ್ಣೆಯು ಮೊಟ್ಟೆಯನ್ನು ಮುಟ್ಟುವುದೇ ಇಲ್ಲ. ಭೇದಿಯಾಗಿ ಕೋಳಿಯು ಮತ್ತಷ್ಟು ಬಳಲುವುದು.

ಸುಣ್ಣವು ಬೇಕೆಂದು ಹೇಳಿದೊಡನೆ ಎಲೆಅಡಿಕೆಯ ಸುಣ್ಣವನ್ನೋ ಸುಟ್ಟ ಸುಣ್ಣವನ್ನೋ ಕೋಳಿಯ ಬಾಯಿಗೆ ಸವರುವವರುಂಟು. ಇದರಿಂದ ಬಾಯಿಯೂ ಗಂಟಲೂ ಸುಟ್ಟು ಹುಣ್ಣಾಗುವುವು. ಸುಣ್ಣದ ತಿಳಿನೀರಿನಿಂದ ಹಾನಿ ಕಡಿಮೆಯಾದರೂ ಲಾಭವೂ ಕಡಿಮೆಯೇ; ಒಂದು ಲೀಟರು ನೀರಿನಲ್ಲಿ 2 ಗ್ರಾಂನಷ್ಟು ಸುಣ್ಣವೂ ಕರಗದು, ಕೋಳಿಯು ಕುಡಿಯುವುದೋ ಅದರಲ್ಲಿ ಕಾಲುಪಾಲು. ಕೋಳಿಗೆ ತಕ್ಕ ಸುಣ್ಣವು ಚಿಪ್ಪಿನ ರೂಪದಲ್ಲಿರುವುದು. ಅದರ ವಿವರವು ಮುಂದೆ ಬರುವುದು.

೬. ನಾಳವು ಹೊರಬಿದ್ದಲ್ಲಿ

ಅತಿಯಾಗಿ ತಿಣುಕಿದ ಹೇಂಟೆಯ ನಾಳದ ತುದಿಯು ಕೆಂಪು ಮಾಂಸದ ಮುದ್ದೆಯಂತೆ ಹೊರಕ್ಕೆ ಬಂದು ನಿಲ್ಲುವುದುಂಟು. ಕೆಂಪನ್ನು ಕಂಡ ಬೇರೆ ಕೋಳಿಗಳು ಅದನ್ನು ಕುಕ್ಕಿ ಕರುಳನ್ನೇ ಎಳೆಯುವುದರಿಂದ, ಆ ಕ್ಷಣದಲ್ಲಿಯೇ ಹೇಂಟೆಯನ್ನು ಬೇರೆ ಮಾಡುವುದು ಪ್ರಥಮ ಕರ್ತವ್ಯ. ಅರ್ಧ ಲೀಟರು ಉಗುರುಬೆಚ್ಚನೆಯ ಶುದ್ಧ ನೀರಿಗೆ ಒಂದು ಚಮಚ ಉಪ್ಪನ್ನು ಹಾಕಿ, ಅದರಿಂದ ಹೊರಬಿದ್ದ ಭಾಗವನ್ನು ತೊಳೆಯಬೇಕು. ಊತವಿದ್ದರೆ ಜೇನುತುಪ್ಪವನ್ನೋ ಸಕ್ಕರೆಯನ್ನೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟಲ್ಲಿ ಅದು ನೀರನ್ನೆಳೆದು ಇಳಿಯುವುದು. ಅನಂತರ ಎಣ್ಣೆ ಸವರಿದ ಬೆರಳಿನಿಂದ ನಿಧಾನವಾಗಿ ಒಳಕ್ಕೆ ಸೇರಿಸಿ, ಕತ್ತಲೆಯ ಕೋಣೆಯಲ್ಲಿಟ್ಟು ಕೆಲವು ದಿನ ಮೇವನ್ನು ಮಿತವಾಗಿ ಕೊಡುತ್ತಾ, ಮೊಟ್ಟೆಯು ತಾತ್ಕಾಲಿಕವಾಗಿ ನಿಲ್ಲುವಂತೆ ನೋಡಿಕೊಳ್ಳಬೇಕು. ಮತ್ತೆಮತ್ತೆ ಹೊರಬಿದ್ದರೆ ವೈದ್ಯರಿಗೆ ತೋರಿಸದೆ ಉಪಾಯವಿಲ್ಲ.

ಮೊಟ್ಟೆ ನಿಂತ ಹೇಂಟೆಯೊಂದು ಹುಂಜದಂತೆ ಕೂಗಿದರೆ ಮನೆಗೆ ಕೇಡೆಂದು ಅದನ್ನು ಒಡನೆ ಕೊಯ್ಯುವ ರೂಢಿಯುಂಟು. ಎಡಮಗ್ಗುಲಿನ ಅಂಡಾಶಯವು ರೋಗದಿಂದ ಕೆಟ್ಟರೆ, ಹೆಣ್ತನವನ್ನುಂಟುಮಾಡುವ ರಸವು ಕಡಿಮೆಯಾಗಿ, ಜುಟ್ಟು ಬೆಳೆದು ಕೂಗುವ ಸ್ವಭಾವವು ಬರುವುದು. ಇದು ಕೋಳಿಯ ದೇಹದ ಕೇಡೇ ಹೊರತು ಮನೆಯ ಕೇಡಲ್ಲ. ಆ ಹೇಂಟೆಯು ಮತ್ತೆ ಮೊಟ್ಟೆಯಿಡುವುದು ವಿರಳವಾದುದರಿಂದ ಅದನ್ನು ಇಟ್ಟುಕೊಳ್ಳುವುದೂ ಬಿಡುವುದೂ ಲೆಕ್ಕಾಚಾರದ ಮಾತು, ಭಯದ ಮಾತಲ್ಲ.

೭. ನಿವಾರಣೆ

ಉಪಚಾರದಿಂದ ಮೊಟ್ಟೆಯು ಬಿದ್ದಿತೆಂದು ಸುಮ್ಮನಿದ್ದರೆ ಕೆಲವು ದಿನಗಳಲ್ಲಿ ಮತ್ತೊಂದು ಸಿಕ್ಕಿಕೊಳ್ಳುವುದು. ಮೂಲವನ್ನು ಸರಿಪಡಿಸಬೇಕು. ಅದಕ್ಕೆ ಸಣ್ಣದೊಂದು ಲೆಕ್ಕವಿದೆ. ಚಿಪ್ಪಿಗೆ 2 ಗ್ರಾಂ ಸುಣ್ಣದಂಶವು ಬೇಕು; ತಿಂದುದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮೈಗೆ ಸೇರುವುದು. ಆದುದರಿಂದ ಮೊಟ್ಟೆಯಿಡುವ ದಿನ ಹೇಂಟೆಯು ಸುಮಾರು 4 ಗ್ರಾಂನಷ್ಟು ತಿನ್ನಬೇಕು. 100 ಗ್ರಾಂ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ, ಎಂದರೆ ಬೇಕಾದುದರ ನಾನೂರರಲ್ಲೊಂದು ಪಾಲು. ಧಾನ್ಯಗಳಲ್ಲೆಲ್ಲಾ ಸುಣ್ಣದಂಶಕ್ಕೆ ಹೆಸರಾದ ರಾಗಿಯಲ್ಲಿಯೂ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಮಾತ್ರ. ಹತ್ತರಲ್ಲೊಂದು ಪಾಲಿಗೂ ಕಡಿಮೆ. ಅನ್ನವನ್ನಾಗಲಿ ಕಾಳನ್ನಾಗಲಿ ಎಷ್ಟು ಸುರಿದರೂ ಚಿಪ್ಪು ಕಟ್ಟದೆಂಬುದು ಇದರಿಂದ ವಿಶದವಾಗುವುದು. ವರ್ಷಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಡುವ, ಬೆಂಗಳೂರಿನಲ್ಲಿ ಸಿದ್ಧಪಡಿಸಲಾದ ಗಿರಿರಾಜ, ಸ್ವರ್ಣಧಾರ ತಳಿಗಳ ಹೇಂಟೆಗಳನ್ನು ಸಾಕುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು; ಹೆಚ್ಚು ಕೊಡುವ ಹಸುವಿಗೆ ಹೆಚ್ಚು ಹಿಂಡಿಯನ್ನಿಡುವುದು ಯಾವ ನ್ಯಾಯವೋ ಇದೂ ಅದೇ ನ್ಯಾಯ.

ಈ ಕೊರತೆಯನ್ನು ತುಂಬಲು ದುಡ್ಡು ಬೇಕಾಗಿಲ್ಲ. ಮನೆಯಲ್ಲಿ ಒಡೆದ ಮೊಟ್ಟೆಗಳ ಚಿಪ್ಪನ್ನು ಎಸೆಯದೆ ಕೂಡಿಟ್ಟು, ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿ ಬೇರೊಂದು ಕುಡಿಕೆಯಲ್ಲಿಡಬೇಕು. ಹುರಿಯುವುದರಿಂದ ರೋಗಬೀಜಗಳು ನಾಶವಾಗುವುವು. ಕುಟ್ಟುವುದರಿಂದ ಮೊಟ್ಟೆಯ ಆಕಾರವು ತಪ್ಪಿ, ಕೋಳಿಗೆ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವ ಚಟವು ಹತ್ತುವುದಿಲ್ಲ. ಕರಾವಳಿಯಿಂದ ಬರುವ ಕಪ್ಪೆಚಿಪ್ಪು, ಕೆರೆಯ ಅಂಚಿನ ಗುಳ್ಳೆಗಳನ್ನೂ ಹೀಗೆಯೇ ಕುಟ್ಟಿ ಬಳಸಬಹುದು. ನುಣ್ಣಗೆ ಪುಡಿಮಾಡುವುದಕ್ಕಿಂತ ದಪ್ಪಗಿರುವುದೇ ಲೇಸು. ದಪ್ಪ ಚೂರುಗಳು ಹೊಟ್ಟೆಯ ಅರೆಯುವ ಚೀಲದಲ್ಲಿ ಉಳಿದು ರಾತ್ರಿ ಚಿಪ್ಪು ಕಟ್ಟುವ ವೇಳೆಗೆ ನಿಧಾನವಾಗಿ ಕರಗಿ ಒದಗುತ್ತವೆ. ಇದನ್ನು ಮೇವಿನಲ್ಲಿ ಬೆರಸದೆ ಪ್ರತ್ಯೇಕವಾಗಿಡಬೇಕು. ಹೇಂಟೆಯು ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುವುದು. ಮೊಟ್ಟೆಗೆ ಬಾರದ ಮರಿಗಳಿಗೆ ಇದನ್ನು ಕೊಡಕೂಡದು. ಅತಿಯಾದ ಸುಣ್ಣದಿಂದ ಅವುಗಳ ಮೂತ್ರಪಿಂಡಗಳು ಕೆಡುತ್ತವೆ.

ದಿನಕ್ಕೆ ಕೆಲವು ಗಂಟೆಗಳಾದರೂ ಕೋಳಿಯು ಬಿಸಿಲಿನಲ್ಲಿ ತಿರುಗಿ ಕೆದಕುವಂತಿರಬೇಕು. ನುಗ್ಗೆಸೊಪ್ಪು, ಅಗಸೆಸೊಪ್ಪುಗಳನ್ನು ಕಟ್ಟಿ ತೂಗಹಾಕಿದರೆ ಚೆನ್ನಾಗಿ ತಿನ್ನುವುವು. ಹೇಂಟೆಯು ದಿನವೊಂದಕ್ಕೆ ಕಾಲು ಲೀಟರಿನಷ್ಟು ನೀರನ್ನು ಕುಡಿಯುವುದು. ಬೇಸಗೆಯಲ್ಲಿ ಅದರ ಇಮ್ಮಡಿ. ಬೇಸಗೆಯಲ್ಲಿ ಕೋಳಿಯು ಏದುವಾಗ ಚಿಪ್ಪಿಗೆ ಬೇಕಾದ ಅಂಗಾರಾಮ್ಲವು ಉಸಿರಿನೊಡನೆ ಹೊರಟುಹೋಗಿ ಚಿಪ್ಪು ತೆಳುವಾಗುವುದರಿಂದ, ಮರದ ನೆರಳೂ ತಣ್ಣೀರೂ ಆಗ ಔಷಧಕ್ಕೆ ಸಮಾನ. ಐದಾರು ಹೇಂಟೆಗಳಿಗೆ ಒಂದೆರಡರಂತೆ, ಮಬ್ಬು ಬೆಳಕಿನ ಸ್ಥಳದಲ್ಲಿ ಹುಲ್ಲುಹಾಸಿದ ಗೂಡುಗಳಿರಬೇಕು. ಗೋಡೆಯ ಮೇಲೆ ದಿನಕ್ಕೊಂದು ಗೆರೆಯನ್ನೆಳೆದು ಯಾವ ಹೇಂಟೆ ಯಾವ ದಿನ ಇಟ್ಟಿತೆಂಬ ಲೆಕ್ಕವಿಟ್ಟಲ್ಲಿ, ತಪ್ಪಿದ ದಿನವೇ ತೊಂದರೆಯು ಕಣ್ಣಿಗೆ ಬೀಳುವುದು.

೮. ಗ್ರಾಮದ ಮುಖ್ಯಸ್ಥರು ಗಮನಿಸತಕ್ಕ ವಿಷಯ

ಒಂದು ಮನೆಯ ಒಂದು ಹೇಂಟೆಗೆ ಮೊಟ್ಟೆ ಸಿಕ್ಕಿಕೊಂಡರೆ ಅದು ಆ ಕೋಳಿಯ ತೊಂದರೆ; ಬೇರೆಯವುಗಳಿಗೆ ಅಂಟದು. ಆದರೆ ಕೆಲವು ದಿನಗಳಲ್ಲಿ ಹಲವು ಮನೆಗಳ ಹೇಂಟೆಗಳು ಒಟ್ಟಿಗೆ ತೊಗಲುಮೊಟ್ಟೆಗಳನ್ನಿಡತೊಡಗಿ, ಮೊಟ್ಟೆಯು ತಟ್ಟನೆ ನಿಂತು, ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದರೆ, ಅದು ಕೊಕ್ಕರೆ ರೋಗವೆಂದು ಶಂಕಿಸಬೇಕು. ಈ ರೋಗವು 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ಗುರುತಿಸಲ್ಪಟ್ಟಿತು. ಅನಂತರ ಸ್ವಲ್ಪ ಕಾಲದಲ್ಲಿಯೇ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಕಾಣಿಸಿಕೊಂಡುದರಿಂದ ಈ ದೇಶದಲ್ಲಿ ರಾಣಿಖೇತ್ ರೋಗವೆಂದು ಹೆಸರಾಯಿತು. ಇದಕ್ಕೆ ಬಿಸಿನೀರಿನ ಉಪಚಾರವು ಪ್ರಯೋಜನವಿಲ್ಲ. ಬಂದ ಮೇಲೆ ಔಷಧವೂ ಇಲ್ಲ. ಮುಂಚೆಯೇ ಹಾಕಿಸುವ ಲಸಿಕೆಯೊಂದೇ ರಕ್ಷಣೆ. ಇಂಥ ಸಂದರ್ಭದಲ್ಲಿ ಮುಖ್ಯಸ್ಥರು ಕೂಡಲೆ ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ತಿಳಿಸಿ, ಸಂತೆಗೆ ಕೋಳಿಗಳನ್ನು ಒಯ್ಯದಂತೆ ತಡೆದು, ಸತ್ತವುಗಳನ್ನು ಆಳವಾಗಿ ಹೂಳಿಸಬೇಕು. ಒಬ್ಬರ ಮನೆಯ ತೊಂದರೆಯಾವುದು, ಊರಿನ ತೊಂದರೆಯಾವುದು ಎಂಬ ವಿವೇಚನೆಯು ಇಲ್ಲಿ ಅತ್ಯವಶ್ಯಕ.

ಕೊನೆಯದಾಗಿ, ಮುದುಕಿಯ ಮನೆಯ ಲೆಕ್ಕವನ್ನು ನೋಡಬಹುದು. ಕೊಯ್ದ ಹೇಂಟೆಯು ಒಂದು ಹೊತ್ತಿನ ಸಾರು. ಉಳಿದ ನಾಟಿ ಹೇಂಟೆಯು ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಳನ್ನಿಡುವುದು. ಹತ್ತು ಹನ್ನೆರಡು ಮೊಟ್ಟೆಗಳಿಗೆ 21 ದಿನ ಕಾವು ಕೊಟ್ಟು ಮರಿಮಾಡುವುದು. ಆ ಮರಿಗಳಲ್ಲಿ ನಾಲ್ಕು ಉಳಿದರೂ ಮನೆಯ ಸ್ವತ್ತು ಇಮ್ಮಡಿಯಾಗುವುದು. ಉಪಚಾರದಿಂದ ಎಲ್ಲ ಹೇಂಟೆಗಳೂ ಬದುಕುವುವೆಂದು ಹೇಳುವಂತಿಲ್ಲ. ಮುಪ್ಪಿನವೂ ನಾಳ ಕೆಟ್ಟವೂ ಸಾಯುತ್ತವೆ. ಆದರೆ ಸುಣ್ಣವೂ ಬಿಸಿಲೂ ಸಾಲದೆ ಸಿಕ್ಕಿಬಿದ್ದವುಗಳಲ್ಲಿ ಅನೇಕವು ಒಂದು ದಿನದ ಶಾಖ ಮತ್ತು ನೆಮ್ಮದಿಯಿಂದ ಮೊಟ್ಟೆಯಿಟ್ಟು, ಕೊಕ್ಕರಿಸಿ ಎದ್ದುಹೋಗುತ್ತವೆ. ಆದುದರಿಂದ ಕತ್ತಿಯನ್ನು ತೆಗೆಯುವುದಕ್ಕೆ ಮೊದಲು ಒಲೆಯ ಮೇಲೆ ನೀರನ್ನಿಡತಕ್ಕದ್ದು.